ಗದ್ದುಗೆಯ ಹೂವು ಬಲಕ್ಕೆ ಬಿದ್ದ ದಿನ

ಪೂಜ್ಯ ಹಾಲಪ್ಪಜ್ಜನವರ ಮಠವೆಂದರೆ ನಮ್ಮೂರ ಹತ್ತಿ ಗಿರಣಿಯ ಹಿಂದಿನ ತಗಡಿನ ಮನೆ. ಒಂದು ಕೋಣೆಯಲ್ಲಿ ಅವರ ಗುರುಗಳ ಗದ್ದುಗೆ, ಇನ್ನೊಂದರಲ್ಲಿ ಚಾಪೆ, ಹೂಜಿ, ತೊಳೆದು ಹಾಕಿದ ಒಂದು ಕಾವಿ. ಗಿರಣಿಯಿಂದ ಹಾರಿ ಬಂದ ಹತ್ತಿಯನ್ನು ಆಯ್ದು ಶ್ರೀಗಳು ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಮಾತು ಬಲು ಕಡಿಮೆ. ಮಂತ್ರಿಗಳ ಮೋಟಾರುಗಳು ದೊಡ್ಡ ಮಠಗಳಿಗೆ ಹೋಗುತ್ತಿದ್ದವು. ಇಲ್ಲಿಯ ಸಂದಿಯಲ್ಲಿ ಸೈಕಲ್ಲು ತಿರುಗುವುದೂ ಕಷ್ಟವಿತ್ತು. ಈಗ ಆ ಗಿರಣಿಯೂ ಇಲ್ಲ. ಆದರೂ ಗಾಳಿಯಲ್ಲಿ ಹತ್ತಿಯ ಎಳೆ ಕಂಡರೆ ನನಗೆ ಆ ಸೋಮವಾರ ನೆನಪಾಗುತ್ತದೆ.

ಆಗ ನಾನು ಶೇಂಗಾ ಪೇಟೆಯ ಸಂಘದ ಕಾರ್ಯದರ್ಶಿ. ನಮಗೆ ಹೊಸ ಮಾರುಕಟ್ಟೆ ಪ್ರಾಂಗಣ ಬೇಕಿತ್ತು. ಅದಕ್ಕೆ ಒಪ್ಪುವ ಜಾಗ ಕುಂಬಾರ ಓಣಿ. ಅಲ್ಲಿ ನಲವತ್ತು ಮನೆ, ಮಡಕೆ ಸುಡುವ ಮೂರು ಆವಿಗೆ; ಎಲ್ಲವನ್ನೂ ತೆರವು ಮಾಡಬೇಕಿತ್ತು. ಪುರಸಭೆಯಲ್ಲಿ ಒಂಬತ್ತು ಮಂದಿ ಈ ಕಡೆ, ಒಂಬತ್ತು ಮಂದಿ ಆ ಕಡೆ. ಉಳಿದದ್ದು ಅಧ್ಯಕ್ಷ ರಾಚಪ್ಪ ಕಡೇಮನಿಯವರ ನಿರ್ಣಾಯಕ ಮತ.

ರಾಚಪ್ಪನವರದು ಬಂಗಾರದಂಥ ಮನಸ್ಸು, ಆದರೆ ಕಣ್ಣೀರು ಕಣ್ಣ ತುದಿಯಲ್ಲೇ. ಆ ಕಣ್ಣೀರಿಗೇ ಜನ ಅವರನ್ನು ಗೆಲ್ಲಿಸಿದ್ದರು. ನಮ್ಮ ಸಂಘದಲ್ಲಿ ಪೇಟೆಯ ಪಾಡು ಕೇಳಿ ಅತ್ತು ಮಾತು ಕೊಟ್ಟರು. ಮರುವಾರ ಕುಂಬಾರ ಓಣಿಗೆ ಹೋಗಿ ಅಲ್ಲಿಯೂ ಅತ್ತು ಮಾತು ಕೊಟ್ಟರು. ಅಲ್ಲಿ ಮಣ್ಣು ತುಳಿಯುತ್ತಿದ್ದ ಕುಂಬಾರ ನಿಂಗವ್ವ, "ಅಧ್ಯಕ್ಷರ, ನಿಮ್ಮ ಕಣ್ಣೀರಾಗ ನಮ್ಮ ಮಣ್ಣು ನಾದಾಕ ಬರತದೇನ್ರಿ?" ಎಂದಳಂತೆ. ಅದನ್ನು ಕೇಳಿ ಪೇಟೆಯಲ್ಲಿ ನಾವು ಹೊಟ್ಟೆ ಹಿಡಿದು ನಕ್ಕೆವು. ರಾಚಪ್ಪನವರಿಗೆ ಮಾತ್ರ ಅಂದಿನಿಂದ ನಿದ್ದೆ ಹತ್ತಲಿಲ್ಲ. ಕೊನೆಗೆ, ಸೋಮವಾರ ಸಭೆಯ ದಿನ ಬೆಳಿಗ್ಗೆ ಗದ್ದುಗೆಯ ಮುಂದೆ ಪ್ರಸಾದ ಕೇಳುತ್ತೇನೆ, ಗುರು ಹೇಳಿದಂತೆ ಮತ ಹಾಕುತ್ತೇನೆ ಎಂದು ಸಾರಿಬಿಟ್ಟರು.

ಪ್ರಸಾದ ಕೇಳುವುದೆಂದರೆ ಗದ್ದುಗೆಯ ಎಡಬಲಕ್ಕೆ ಒಂದೊಂದು ಹೂವನ್ನು ನೀರು ಹಚ್ಚಿ ಅಂಟಿಸುವುದು. ಬಲದ ಹೂ ಮೊದಲು ಬಿದ್ದರೆ ಪ್ರಾಂಗಣಕ್ಕೆ ಅಪ್ಪಣೆಯಾಯಿತು, ಎಡದ್ದು ಬಿದ್ದರೆ ಇಲ್ಲ. ನಾನು ಅದೃಷ್ಟವನ್ನು ನಂಬಿ ವ್ಯಾಪಾರ ಮಾಡಿದವನಲ್ಲ. ಬೆಳಕು ಹರಿಯುವ ಮೊದಲೇ ಪೂಜಾರಿ ಮುದಕಯ್ಯನನ್ನು ಕಂಡೆ. ಎಡದ ಹೂವಿಗೆ ನೀರಿನ ಬದಲು ದಪ್ಪಗೆ ಗಂಧ ಹಚ್ಚಲು ಅವನು ಒಪ್ಪಿದ.

ರಾಚಪ್ಪನವರು ಮಡಿಯುಟ್ಟು ಬಂದರು. ಸಾಕ್ಷಿಗೆಂದು ನಾನೂ ಕೂತೆ. ಶ್ರೀಗಳು ಬತ್ತಿ ಹೊಸೆಯುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ನೀರಾರಿ ಬಲದ ಹೂವು ತೊಪ್ಪನೆ ಬಿತ್ತು. ಅಧ್ಯಕ್ಷರು ದೊಡ್ಡ ಹೊರೆ ಇಳಿದವರಂತೆ ಉಸಿರುಬಿಟ್ಟು ಎದ್ದರು.

ಶ್ರೀಗಳು ಎದ್ದು ಬಂದು ಬಿದ್ದ ಹೂವನ್ನು ಎತ್ತಿಕೊಂಡರು. ಎಡದ ಹೂವನ್ನೂ ಕಿತ್ತರು. ಎರಡನ್ನೂ ತಂದು ನನ್ನ ಅಂಗೈಯಲ್ಲಿಟ್ಟರು.

"ಸಾವಕಾರ್ರ, ಸರಕು ನೋಡಿ ಬಲ್ಲವರು ನೀವು," ಎಂದರು, ಅಷ್ಟೆ.

ಒಂದು ಹೂವು ಹಗುರ, ಇನ್ನೊಂದರ ಬೆನ್ನಿಗೆ ಬೆರಳ ಗಾತ್ರ ಗಂಧ. ನಾನು ಮುಷ್ಟಿ ಮುಚ್ಚಿದೆ. ತಲೆ ಎತ್ತಲಾಗಲಿಲ್ಲ.

ಅಧ್ಯಕ್ಷರಿಗೆ ಇದಾವುದೂ ತಿಳಿಯಲಿಲ್ಲ. ಗುರುವಿನ ಅಪ್ಪಣೆಯಾಯಿತಲ್ಲ, ಹೊರಡಲೇ ಎಂದು ಕೇಳಿದರು. ಶ್ರೀಗಳು ಅವರನ್ನೇ ನೋಡಿದರು.

"ಹೂವಿಗೆ ಬೀಳೋದಷ್ಟ ಗೊತ್ತು, ರಾಚಪ್ಪ. ನೀ ಚುನಾವಣಿಗೆ ನಿಂತಿದ್ದಿ. ಗೆದ್ದ ಮ್ಯಾಲೆ ಕುಂತಿ. ಇವತ್ತೊಂದು ದಿನ ಮತ್ತ ನಿಲ್ಲು."

ರಾಚಪ್ಪನವರ ಕಣ್ಣು ತುಂಬಿ ಬಂತು. "ನನ್ನ ಮನಸು ಎರಡೂ ಕಡೆ ಅಳತದರಿ, ಅಜ್ಜಾರ."

"ಅಳ್ಳಿ ಬಿಡು. ಅತ್ತು ಮುಗದ ಮ್ಯಾಲೆ ಒಳಗ ಒಂದು ಮಾತು ಉಳೀತದ. ಅದನ್ನ ಕೇಳು."

ಅಂದು ಮಧ್ಯಾಹ್ನದ ಸಭೆಯಲ್ಲಿ ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ದು ನಿಂತರು. ಅಂದು ಅವರ ಕಣ್ಣು ಒಣಗಿತ್ತು. ತಮ್ಮ ಮತ ಕುಂಬಾರ ಓಣಿಯ ಕಡೆಗೆ ಎಂದರು. "ಇದರಾಗ ಗುರುಗಳ ಹೆಸರು ತರೂದಿಲ್ಲ. ತಪ್ಪಾದರ ತಪ್ಪು ನನ್ನದು."

ಹೂವು ಬಲಕ್ಕೆ ಬಿತ್ತು, ಮನುಷ್ಯ ಎಡಕ್ಕೆ ಬಿದ್ದ ಎಂದು ಪೇಟೆಯವರು ಬೈದರು. ನನಗೆ ಬೈಯಲು ಬಾಯಿ ಬರಲಿಲ್ಲ.

ಮರುದಿನ ಶ್ರೀಗಳ ಕಾಲಿಗೆ ಬಿದ್ದು ಮಾಡಿದ್ದನ್ನೆಲ್ಲ ಹೇಳಿಕೊಂಡೆ. ರಾಚಪ್ಪಗೆ ಹೇಳಿದಿರೇನು ಎಂದು ಕೇಳಿದರು. ಇಲ್ಲವೆಂದೆ.

"ಮತ್ತ ನನಗ್ಯಾಕ ಹೇಳತೀರಿ?"

ಅಲ್ಲಿಂದ ಅಧ್ಯಕ್ಷರ ಮನೆ ನೂರು ಹೆಜ್ಜೆಯೂ ಇಲ್ಲ. ನನಗೆ ಅಲ್ಲಿ ಮುಟ್ಟಲು ನಾಲ್ಕು ದಿನ ಹಿಡಿಯಿತು. ಎಲ್ಲ ಕೇಳಿ ಅವರು ಚಹದ ಬಸಿಯನ್ನು ನನ್ನ ಕಡೆ ಸರಿಸಿದರು. ಆಮೇಲೆ, "ಚಾ ಆರತದ, ಕುಡೀರಿ," ಎಂದರು.

ಪ್ರಾಂಗಣ ಮುಂದೆ ರೈಲು ಗೇಟಿನ ಆಚೆ ಆಯಿತು. ಸ್ವಲ್ಪ ದೂರ, ನಷ್ಟವೇನಿಲ್ಲ. ಶ್ರೀಗಳು ಆ ವರ್ಷವೇ ಲಿಂಗೈಕ್ಯರಾದರು. ಅವರ ಗದ್ದುಗೆಯ ಮುಂದೆ ಏನನ್ನಾದರೂ ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಕೈಮುಗಿದು ಬರುತ್ತೇನೆ.

ಮುಂದಿನ ಚುನಾವಣೆಗೆ ರಾಚಪ್ಪನವರು ಮತ್ತೆ ನಿಂತರು. ಅವರ ಪಕ್ಷ ಕೈಬಿಟ್ಟಿತ್ತು. ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಲು ನಮ್ಮ ವಾರ್ಡಿನ ವರ್ತಕರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಸಂಘದ ಕಾರ್ಯದರ್ಶಿ ಸ್ಥಾನ ಬಿಟ್ಟು ನಾನೇ ಹೋಗಿ ಸಹಿ ಹಾಕಿದೆ. ಅವರು ಸೋಲುವುದು ನನಗೆ ಗೊತ್ತಿತ್ತು, ಸೋತರು ಕೂಡ. ಗೊತ್ತಿದ್ದೂ ಸೋಲುವ ಕಡೆಗೆ ಅಲ್ಲಿಯವರೆಗೆ ಜನ್ಮದಲ್ಲೊಮ್ಮೆಯೂ ಕೈ ಹಾಕಿರದ ನನ್ನಿಂದ ಆ ಸಹಿ ಹಾಕಿಸಿದವರು ಹಾಲಪ್ಪಜ್ಜನವರು.