ಬೋರಲು ಹಾಕಿದ ಮಣೆ

"ಗುರುಗಳೇ, ನಾಡಿನ ಉತ್ಪತ್ತಿ ಹೆಚ್ಚಿದರೆ ಕೆಲಸ ತಾನಾಗಿಯೇ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ ಎಂದು ಜನಕ್ಕೆ ಹೇಳಿದರೆ ತಪ್ಪೇ?"

ಕೇಳಿದವನು ಅಡಿವೆಪ್ಪ. ಹತ್ತು ವರ್ಷ ಗುರುಗಳ ಬಳಿ ಓದಿದವನು, ಈಗ ಅರಮನೆಯ ಅಧಿಕಾರಿ. ಅರಸರು ತಮ್ಮ ಕಾರ್ಖಾನೆಗಳನ್ನೆಲ್ಲ ವರ್ತಕರಿಗೆ ಒಪ್ಪಿಸಿ ಕೆಲವು ವರ್ಷಗಳಾಗಿದ್ದವು. ಸರಕು ರಾಶಿರಾಶಿಯಾಗಿ ಹೊರಬರುತ್ತಿತ್ತು. ಕೆಲಸ ಕಳೆದುಕೊಂಡವರು ಮಾತ್ರ ಇನ್ನೂ ಮನೆಯ ಮುಂದಿನ ಕಟ್ಟೆಯ ಮೇಲೆಯೇ ಕೂತಿದ್ದರು. ಅವರಿಗೆ ಸಮಾಧಾನ ಹೇಳಿ ಬಾ ಎಂದು ಅರಮನೆ ಅವನನ್ನು ಊರೂರಿಗೆ ಕಳಿಸುತ್ತಿತ್ತು. ಮರುದಿನವೇ ಹೊರಡಬೇಕಿತ್ತು.

"ಕೂತುಕೋ" ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನಗೆ ಮೊದಲಿನಿಂದಲೂ ಆ ಚಾಳಿ ಇದೆ."

ಅಡಿವೆಪ್ಪ ಕೂತುಕೊಂಡ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಅರಸನ ಜಮಖಾನೆ ಕಾರ್ಖಾನೆ ಇತ್ತು. ಹನ್ನೆರಡು ಮಗ್ಗ. ಒಂದೊಂದು ಮಗ್ಗಕ್ಕೆ ನಾಲ್ಕು ಮಂದಿ. ಇಬ್ಬರು ನೇಯುವವರು, ಒಬ್ಬರು ನೂಲು ಸುತ್ತಿ ಕೊಡುವವರು, ಇನ್ನೊಬ್ಬರು ಬಣ್ಣ ಹೇಳುವವರು. ಜಮಖಾನೆಯ ಹೂವು, ಬಳ್ಳಿ, ನವಿಲು ಎಲ್ಲವೂ ಬಣ್ಣ ಹೇಳುವವರ ತಲೆಯಲ್ಲೇ ಇರುತ್ತಿದ್ದವು. ಅವರು ಮಗ್ಗದ ಪಕ್ಕ ಕೂತು ರಾಗವಾಗಿ, "ಎರಡು ಕೆಂಪು, ಒಂದು ಹಸಿರು, ಮೂರು ಬಿಳಿ ಬಿಡು" ಎನ್ನಬೇಕು. ನೇಯುವವರು "ಆಯಿತು" ಎನ್ನಬೇಕು. ಮತ್ತೆ ಮುಂದಿನ ಸಾಲು.

ಹೀಗೆ ಬಣ್ಣ ಹೇಳುವವಳೊಬ್ಬಳಿದ್ದಳು, ಕೆಂಚವ್ವ. ಅವಳ ತಲೆಯಲ್ಲಿ ಅರವತ್ತು ಜಮಖಾನೆಗಳಿದ್ದವು. ಒಂದು ಎಳೆಯೂ ತಪ್ಪುತ್ತಿರಲಿಲ್ಲ. ಗಂಡ ಇಲ್ಲ, ಮಕ್ಕಳಿಲ್ಲ. ಅದನ್ನೇ ಹೇಳಿಕೊಂಡು ಅಳುವ ಜಾತಿಯವಳೂ ಅಲ್ಲ. ಬೆಳಿಗ್ಗೆ ಎದ್ದು ಮೆಣಸಿನ ಕಷಾಯ ಕುಡಿದು ಗಂಟಲು ಸರಿಮಾಡಿಕೊಂಡು ಹೊರಟಳೆಂದರೆ ಅವಳ ನಡಿಗೆಯ ಗತ್ತೇ ಬೇರೆ. ತಾನು ಬಾಯಿ ತೆರೆದರೆ ನಾಲ್ಕು ಕೈಗಳು ಆಡುತ್ತವೆ ಎಂಬ ಸುಖ ಸಣ್ಣದಲ್ಲಪ್ಪ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರಿಗೂ ಕೂರಲು ಅವರದೇ ಒಂದು ಮಣೆ. ಬಾಣಂತನಕ್ಕೋ ಕಾಯಿಲೆಗೋ ಮನೆಯಲ್ಲಿ ಉಳಿಯಬೇಕಾದವರು ಮಣೆಯನ್ನು ಬೋರಲು ಹಾಕಿ ಹೋಗುತ್ತಿದ್ದರು. ಬೋರಲು ಹಾಕಿದ ಮಣೆಯ ಮೇಲೆ ಬೇರೆ ಯಾರೂ ಕೂರುವಂತಿಲ್ಲ. ಎರಡು ವರ್ಷ ಹಾಸಿಗೆ ಹಿಡಿದವರೂ ಬಂದು ತಮ್ಮ ಮಣೆಯನ್ನು ನೆಟ್ಟಗೆ ಮಾಡಿಕೊಂಡು ಕೂತದ್ದಿದೆ. ಆದರೆ ಹೋದವರು ಬೇರೆ ಕಡೆ ಕೆಲಸಕ್ಕೆ ಸೇರಿದರೆ ಮಣೆ ಬಿಟ್ಟುಕೊಟ್ಟ ಹಾಗೆ. ಅರಸ ಬರೆಸಿದ ಕಟ್ಟಳೆ ಅಲ್ಲ ಇದು. ಆ ಜನ ತಾವೇ ಮಾಡಿಕೊಂಡದ್ದು. ತಾವೇ ಮಾಡಿಕೊಂಡದ್ದನ್ನು ಮೀರುವುದು ಹೆಚ್ಚು ಕಷ್ಟ.

ಅರಸನ ಕಾರ್ಖಾನೆ ಎಂದರೆ ಸ್ವರ್ಗ ಎಂದುಕೊಳ್ಳಬೇಡ. ತಿಂಗಳಿಗೆ ಒಂದು ಮಗ್ಗದಿಂದ ಒಂದು ಜಮಖಾನೆ ಹೊರಬಂದರೆ ಹೆಚ್ಚು. ನೂಲು ಬಾರದ ದಿನ ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಹರಟೆ ಹೊಡೆಯುತ್ತಿದ್ದರು. ಬಾಗಿಲು ಕಾಯುವವನನ್ನು ನೋಡಿಕೊಳ್ಳಲು ಇನ್ನೊಬ್ಬನಿದ್ದ. ಅವನು ಹೆಚ್ಚಾಗಿ ನಿದ್ದೆ ಹೊಡೆಯುತ್ತಿದ್ದ.

ಆ ಅರಸ ಹೋದ, ಅವನ ಮಗ ಬಂದ. ಜಮಖಾನೆ ನೇಯಿಸುವುದು ಅರಮನೆಯ ಕೆಲಸವಲ್ಲ ಎಂದು ಕಾರ್ಖಾನೆಯನ್ನು ಒಬ್ಬ ವರ್ತಕನಿಗೆ ಒಪ್ಪಿಸಿದ. ವರ್ತಕ ಕೆಟ್ಟವನಲ್ಲ. ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಕೈಮುಗಿದು ಹೇಳಿದ: "ಸದ್ಯಕ್ಕೆ ಎರಡು ಮಗ್ಗ ಸಾಕು. ಉಳಿದವರು ಸ್ವಲ್ಪ ತಾಳಿಕೊಳ್ಳಿ. ನಮ್ಮ ಜಮಖಾನೆ ಹೊರಗಿನ ಪೇಟೆಗೆ ಹೋಗಲಿ, ವ್ಯಾಪಾರ ಬೆಳೆಯಲಿ, ನಿಮ್ಮನ್ನೆಲ್ಲ ಕರೆಸುತ್ತೇನೆ."

ಆ ಮಾತು ಹೇಳುವಾಗ ಅವನೂ ಅದನ್ನು ನಂಬಿದ್ದ. ನಲವತ್ತು ಮಂದಿ ಒಳಗೆ ಹೋಗಿ ಮಣೆಗಳನ್ನು ಬೋರಲು ಹಾಕಿ ಮನೆಗೆ ನಡೆದರು. ಕೆಂಚವ್ವ ತನ್ನ ಮಣೆಯನ್ನು ಸೆರಗಿನಿಂದ ಒರೆಸಿ ಬೋರಲು ಹಾಕಿದಳು. ಬಾಣಂತನಕ್ಕೆ ಹೋಗುವವರ ಹಾಗೆ ನಗುನಗುತ್ತಲೇ ಹೊರಗೆ ಬಂದಳು.

ಆಮೇಲೆ ಶುರುವಾಯಿತು ನೋಡು, ಕಾಯುವುದು.

ಮೊದಲ ವರ್ಷ ಕಾರ್ಖಾನೆಯಿಂದ ಮೂರು ಗಾಡಿ ಜಮಖಾನೆ ಹೋಯಿತು. ಕೆಂಚವ್ವ ಕಟ್ಟೆಯ ಮೇಲೆ ನಿಂತು ನೋಡಿದಳು. ಎರಡನೆಯ ವರ್ಷ ಮೂವತ್ತು ಗಾಡಿ. "ಇನ್ನೇನು, ಕರೆ ಬಂತು ಎಂದೇ ತಿಳಿಯಿರಿ" ಎಂದು ಬೀದಿಯವರಿಗೆಲ್ಲ ಹೇಳಿದಳು. ಊರಿಗೆ ಕಲ್ಲು ಹಾಸಿದ ರಸ್ತೆ ಬಂತು. ಪೇಟೆಯಲ್ಲಿ ಎರಡು ಅಂತಸ್ತಿನ ಅಂಗಡಿಗಳೆದ್ದವು. ಬೇರೆಯವರಿಗೆ ಅವನ್ನು ಕಂಡು ಹೊಟ್ಟೆ ಉರಿಯುತ್ತಿತ್ತು. ಕೆಂಚವ್ವನಿಗೆ ಮಾತ್ರ ಹಿಗ್ಗು. ಊರು ಒಂದು ಗೇಣು ಬೆಳೆದರೆ ತನ್ನ ಮಣೆ ಒಂದು ಗೇಣು ಹತ್ತಿರ ಬಂತು ಎಂದು ಅವಳ ಲೆಕ್ಕ. ಪಾಪ, ಹುಚ್ಚು ಲೆಕ್ಕ ಎನ್ನೋಣ ಎಂದರೆ, ಅರಮನೆಯವರ ಲೆಕ್ಕವೂ ಅದೇ ಆಗಿತ್ತಲ್ಲ.

ಗಂಟಲು ಕೆಡಬಾರದೆಂದು ಮೆಣಸಿನ ಕಷಾಯ ಬಿಡಲಿಲ್ಲ. ಸೊಪ್ಪು ಬಿಡಿಸುವಾಗ ಬಾಯಿ ತಾನಾಗಿ ಗುನುಗುತ್ತಿತ್ತು, ಎರಡು ಕೆಂಪು, ಒಂದು ಹಸಿರು. ಗುನುಗಿ ಒಂದು ಗಳಿಗೆ ನಿಲ್ಲುತ್ತಿದ್ದಳು. "ಆಯಿತು" ಎನ್ನುವವರು ಯಾರೂ ಇರಲಿಲ್ಲ. ಹೊಟ್ಟೆಪಾಡಿಗೆ ಎರಡು ಎಮ್ಮೆ ಇದ್ದವು, ಗಂಜಿಗೇನೂ ಕೊರತೆಯಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ಮೂರನೆಯ ವರ್ಷ ಬಣ್ಣ ಅದ್ದುವ ಹೆಂಗಸೊಬ್ಬಳು ಅವಳ ಮನೆಗೆ ಬಂದಳು. ದುಗ್ಗವ್ವ ಎಂದು. ಹೊಳೆಯ ದಂಡೆಯಲ್ಲಿ ನಾಲ್ಕು ಬಣ್ಣದ ಹಂಡೆ ಇಟ್ಟುಕೊಂಡಿದ್ದಳು. "ಅಕ್ಕಾ, ನಿನ್ನ ಹಾಗೆ ಬಣ್ಣ ಬಲ್ಲವರು ಈ ಸೀಮೆಯಲ್ಲಿಲ್ಲ. ನನ್ನ ಜೊತೆ ಬಾ, ಇಬ್ಬರೂ ಸೇರಿ ನಡೆಸೋಣ" ಎಂದಳು. ಕೆಂಚವ್ವನಿಗೆ ಆಸೆಯಾಗದೆ ಇರಲಿಲ್ಲ. ಹಂಡೆಯೊಳಗೆ ನೂಲು ಮುಳುಗಿ ಕೆಂಪಾಗಿ ಏಳುವುದನ್ನು ನೆನೆದು ಕೈ ತುರಿಸಿತು. ಆದರೆ ಅಲ್ಲಿ ಸೇರಿದರೆ ಇಲ್ಲಿ ಮಣೆ ಹೋಯಿತು. "ಬೇಡ ತಂಗಿ, ನನ್ನ ಮಣೆ ಅಲ್ಲಿದೆ" ಎಂದಳು. ದುಗ್ಗವ್ವ ಮರುವರ್ಷವೂ ಬಂದು ಕೇಳಿದಳು. ಅದೇ ಉತ್ತರ. ಐದನೆಯ ವರ್ಷ ಬೇರೊಬ್ಬಳನ್ನು ಸೇರಿಸಿಕೊಂಡಳು. ಅವಳ ತಪ್ಪೇನಿದೆ?

ಏಳನೆಯ ವರ್ಷ ಅರಮನೆಯಿಂದ ಡಂಗುರ ಬಂತು. ಈ ಊರಿನ ಕಾರ್ಖಾನೆಯಲ್ಲಿ ಹಿಂದಿನ ಅರಸರ ಕಾಲಕ್ಕಿಂತ ಇಪ್ಪತ್ತು ಪಟ್ಟು ಜಮಖಾನೆ ನೇಯಲಾಗಿದೆ, ನಾಡಿಗೆಲ್ಲ ಈ ಊರು ಮಾದರಿ ಎಂದು ಸಾರಿದರು. ಕೆಂಚವ್ವ ಇನ್ನು ಕರೆಗಾಗಿ ಕಾಯಲಿಲ್ಲ. ಇಪ್ಪತ್ತು ಪಟ್ಟು ಎಂದಮೇಲೆ ಕರೆಯುವುದೇನು ಬಂತು! ಕರೆ ಕಳಿಸಲೂ ವರ್ತಕನಿಗೆ ಪುರುಸೊತ್ತಿಲ್ಲ ಎಂದುಕೊಂಡಳು. ತಲೆಗೆ ಎಣ್ಣೆ ಹಚ್ಚಿ ಮಿಂದಳು. ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟಳು. ಕಾರ್ಖಾನೆಗೆ ಹೊರಟಳು.

ದಾರಿಯುದ್ದಕ್ಕೂ ಒಂದೇ ಚಿಂತೆ. ಇಷ್ಟು ವರ್ಷದಲ್ಲಿ ಯಾರಾದರೂ ಹೊಸಬರು ತನ್ನ ಮಣೆಯ ಮೇಲೆ ಕೂತುಬಿಟ್ಟಿದ್ದರೆ? ಎಬ್ಬಿಸಬೇಕಾಗುತ್ತದೆ. ಜಗಳವಾಗುತ್ತದೆ. ಆಗಲಿ, ಜಗಳಕ್ಕೆ ತಾನೇನೂ ಹೆದರುವವಳಲ್ಲ ಎಂದು ಸೆರಗು ಬಿಗಿದುಕೊಂಡಳು.

ಒಳಗೆ ನಲವತ್ತು ಮಗ್ಗಗಳಿದ್ದವು. ಹೊಸ ಬಗೆಯ ಮಗ್ಗಗಳು, ಹಳ್ಳದ ನೀರಿನಿಂದ ಓಡುವಂಥವು. ಒಂದೊಂದರ ಮೇಲೂ ತೂತು ಕೊರೆದ ಹಲಗೆಗಳ ಸರಪಳಿ. ಹಲಗೆ ಸರಿದಂತೆ ಯಾವ ಬಣ್ಣದ ನೂಲು ಏಳಬೇಕೋ ಅದು ತಾನೇ ಏಳುತ್ತಿತ್ತು. ಇಡೀ ಕಾರ್ಖಾನೆಯಲ್ಲಿ ಒಂಬತ್ತು ಜನ ಓಡಾಡುತ್ತಿದ್ದರು, ಹರಿದ ಎಳೆ ಗಂಟು ಹಾಕಲು. ಯಾರೂ ಮಾತಾಡುತ್ತಿರಲಿಲ್ಲ.

ವರ್ತಕ ಅವಳ ಗುರುತು ಹಿಡಿದ. ಎದ್ದು ಬಂದು, ಗೋಡೆಯ ಬದಿಗೆ ಕರೆದುಕೊಂಡು ಹೋದ. ಅಲ್ಲಿ ನಲವತ್ತು ಮಣೆಗಳು ಸಾಲಾಗಿ ಬೋರಲು ಬಿದ್ದಿದ್ದವು. ಅವನು ಒಂದನ್ನೂ ಒಲೆಗೆ ಹಾಕಿರಲಿಲ್ಲ.

"ನಿಮ್ಮ ಪದ್ಧತಿ ಮುರಿಯಬಾರದೆಂದು ಹಾಗೇ ಇಟ್ಟಿದ್ದೇನೆ ತಾಯಿ. ನಿಮ್ಮ ಮಣೆಯ ಮೇಲೆ ಯಾರೂ ಕೂತಿಲ್ಲ."

ಕೆಂಚವ್ವ ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು. ಜಗಳವಾಡಲು ಎದುರಿಗೆ ಯಾರೂ ಇರಲಿಲ್ಲ. ತನ್ನ ಜಾಗವನ್ನು ಯಾರಾದರೂ ಕಿತ್ತುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

"ವ್ಯಾಪಾರ ಬೆಳೆದ ಮೇಲೆ ಕರೆಸುತ್ತೇನೆ ಎಂದಿದ್ದಿರಿ" ಎಂದಳು.

"ಎಂದಿದ್ದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ" ಎಂದ ವರ್ತಕ. ನೆಲ ನೋಡುತ್ತ ನಿಂತ. "ಆದರೆ ತಾಯಿ, ನಿಮ್ಮನ್ನೆಲ್ಲ ಕರೆಸದೆ ಇದ್ದದ್ದರಿಂದಲೇ ಇದು ಬೆಳೆಯಿತು."

ಕೆಂಚವ್ವ ಅವನನ್ನು ಬೈಯಲಿಲ್ಲ. ಹತ್ತಿರದ ಮಗ್ಗದ ಪಕ್ಕ ಹೋಗಿ ನಿಂತಳು. ಅದರ ಮೇಲೆ ಏಳುತ್ತಿದ್ದದ್ದು ಅವಳ ತಲೆಯಲ್ಲಿದ್ದ ನವಿಲೇ. ಅವಳು ಮೆಲ್ಲಗೆ ಹೇಳಲು ತೊಡಗಿದಳು. ಎರಡು ಕೆಂಪು, ಒಂದು ಹಸಿರು, ಮೂರು ಬಿಳಿ ಬಿಡು. ಮೊದಲ ಸಾಲಿಗೆ ಮಾತೂ ಮಗ್ಗವೂ ಒಂದಾದವು. ಅವಳ ಕಣ್ಣು ಅರಳಿತು. ಎರಡನೆಯ ಸಾಲಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮಗ್ಗ ಐದನೆಯ ಸಾಲಿನಲ್ಲಿತ್ತು. ಅವಳು ಬಿಡಲಿಲ್ಲ, ಅವಸರವಸರವಾಗಿ ಹೇಳಿದಳು, ಬಾಯಿ ತೊದಲಿತು. ನವಿಲಿಗೆ ಕುತ್ತಿಗೆ ಬಂತು, ಗರಿ ಬಂತು. ಕೆಂಚವ್ವ ಇನ್ನೂ ಕಾಲಿನಲ್ಲೇ ಇದ್ದಳು.

ಅವಳು ಸುಮ್ಮನಾದಳು. ಗೋಡೆಯ ಬದಿಗೆ ಬಂದು ತನ್ನ ಮಣೆಯನ್ನು ನೆಟ್ಟಗೆ ಮಾಡಿ, ಅದರ ಮೇಲೆ ಕೂರದೆ, ಮನೆಗೆ ಹೊರಟುಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪ ಈಗ ಬಾಯಿ ತೆರೆದ. "ಹಾಗಾದರೆ ನಾಡು ಬೆಳೆಯುವುದೇ ತಪ್ಪೇ ಗುರುಗಳೇ?"

"ಹಾಗೆಂದು ಯಾರು ಹೇಳಿದರು? ಬೆಳೆಯದಿದ್ದರೆ ಆ ಒಂಬತ್ತು ಜನರೂ ಮನೆಯಲ್ಲೇ ಕೂತಿರುತ್ತಿದ್ದರು. ನೀನು ಕೇಳಿದ್ದು ಬೆಳೆಯುವುದರ ಬಗ್ಗೆ ಅಲ್ಲ, ಕಾಯುವುದರ ಬಗ್ಗೆ."

"ನಾಳೆ ನಾನು ಹೋಗಲೇಬೇಕು. ಅರಮನೆಯ ಮಾತು ಹೇಳಲೇಬೇಕು. ಕಾಯಿರಿ ಎನ್ನದೆ ನನಗೆ ಬೇರೆ ದಾರಿಯಿಲ್ಲ" ಎಂದ ಅಡಿವೆಪ್ಪ.

"ಎನ್ನು, ಆದರೆ ನಮ್ಮನ್ನು ಕೆಲಸಕ್ಕೆ ಕರೆಯುವವರು ಯಾರು ಎಂದು ಅವರು ಕೇಳಿದಾಗ, ಅರಮನೆಯ ಹೆಸರಲ್ಲ, ನಿನ್ನ ಹೆಸರು ಹೇಳು."