ಮೊಗ್ಗಿನ ಜಡೆ ಹೊಲಿಯುವವಳು

"ಗುರುಗಳೇ, ಇಂದ್ರಲುಪ್ತ ಎಂಬ ಹೆಸರು ಎಲ್ಲಿಂದ ಬಂತು? ಅದರ ಅರ್ಥವೇನು?" ಎಂದು ದಾಕ್ಷಾಯಿಣಿ ಕೇಳಿದಳು.

ಅವಳ ಕೂದಲು ಅಲ್ಲಲ್ಲಿ ಬಿಲ್ಲೆಯಗಲ ಉದುರಿಹೋಗಿತ್ತು. ವೈದ್ಯರು ಆ ಹೆಸರು ಹೇಳಿ ಒಂಬತ್ತು ದಿನವಾಗಿತ್ತು. ಅಂದಿನಿಂದ ಅವಳು ಮಠದ ಒಳಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಜಗಲಿಯಲ್ಲಿ ಊರ ಹೆಂಗಸರಿಗೆ ಅಕ್ಷರ ಕಲಿಸುವ ಕೆಲಸ ಅವಳದಾಗಿತ್ತು.

ಗುರುಗಳು ಹೇಳಿದರು: "ಲುಪ್ತ ಎಂದರೆ ಇಲ್ಲವಾದದ್ದು. ಅದರೊಳಗೆ ಇಂದ್ರ ಯಾಕೆ ಬಂದು ಕೂತನೋ ನನಗೆ ಗೊತ್ತಿಲ್ಲ ತಾಯಿ. ಗೊತ್ತಿದೆಯೆಂದು ಸುಳ್ಳು ಹೇಳಲಾರೆ. ಕತೆ ಒಂದು ಗೊತ್ತಿದೆ, ಅದನ್ನು ಕೇಳು.

"ಒಬ್ಬಳು ಮೊಗ್ಗಿನ ಜಡೆ ಹೊಲಿಯುವವಳಿದ್ದಳು. ಮದುಮಗಳ ಜಡೆಗೆ ಮಲ್ಲಿಗೆ ಮೊಗ್ಗನ್ನು ಸಾಲುಸಾಲಾಗಿ ಹೊಲಿದುಕೊಡುವುದು ಅವಳ ಕಸುಬು. ಮೊಗ್ಗು ಮುಚ್ಚಿರುವಾಗಲೇ ಸೂಜಿಗೆ ಏರಬೇಕು. ಅರಳಿತೋ, ಜಡೆಗೆ ಬಾರದು. ಹೊಲಿದದ್ದನ್ನು ಮೊದಲು ತನ್ನ ಜಡೆಯ ಮೇಲೆ ಇಟ್ಟು ಅಳತೆ ನೋಡುವುದು ಅವರ ಮನೆತನದ ರೂಢಿ.

"ಅವಳ ಕೂದಲೇ ಉದುರತೊಡಗಿತು. ಹೆದರಿ ಕಂಗಾಲಾದಳು. ಇದಕ್ಕೇನೆನ್ನುತ್ತಾರೆ, ಯಾಕೆ ಹಾಗೆನ್ನುತ್ತಾರೆ ಎಂದು ಕಂಡಕಂಡವರನ್ನು ಕೇಳಿದಳು. ಒಬ್ಬ ಅಜ್ಜಿ ಹುಳ ತಿಂದಿದೆ ಎಂದಳು. ಹುಡುಕಿದರೆ ಹುಳ ಇರಲಿಲ್ಲ. ವೈದ್ಯ ಇಂದ್ರಲುಪ್ತ ಎಂದ.

"ಒಂದು ಮಧ್ಯಾಹ್ನ ಮದುಮಗಳ ತಾಯಿ ಬುಟ್ಟಿ ತುಂಬ ಮೊಗ್ಗು ತಂದಿಟ್ಟು ಹೋದಳು. ಬೆಳಗಾದರೆ ಮುಹೂರ್ತ. ಅಷ್ಟರಲ್ಲಿ ಕಡಲು ದಾಟಿ ಬಂದ ವ್ಯಾಪಾರಿಯೊಬ್ಬ ಬಾಗಿಲಿಗೆ ಬಂದ. ಇವಳು ಸೂಜಿ ಕೆಳಗಿಟ್ಟು ಅವನನ್ನೂ ಕೇಳಿದಳು.

"'ಯವನರು ಇದನ್ನು ನರಿಯ ಹೆಸರಿಟ್ಟು ಕರೆಯುತ್ತಾರೆ,' ಎಂದ ಅವನು. 'ಕಜ್ಜಿ ಹತ್ತಿದ ನರಿಗೆ ಹೀಗೇ ಕೂದಲು ಉದುರುತ್ತದಲ್ಲ, ಅದಕ್ಕೆ.'

"'ನರಿಗೆ ಮತ್ತೆ ಬೆಳೆಯುತ್ತದೆಯೇ?'

"'ನಾನು ನರಿ ಸಾಕಿದವನಲ್ಲಮ್ಮ. ಕೇಳಿದ್ದನ್ನು ಹೇಳಿದೆ.'

"ಇವಳು ಬಿಡಲಿಲ್ಲ. ಯಾವ ನರಿ, ಯಾವ ದೇಶ ಎಂದು ಕೇಳುತ್ತಲೇ ಇದ್ದಳು. ತಿರುಗಿ ನೋಡುವಾಗ ಬುಟ್ಟಿಯ ಮೊಗ್ಗೆಲ್ಲ ಅರಳಿತ್ತು.

"ಮದುಮಗಳು ಬರಿಯ ಜಡೆಯಲ್ಲೇ ಹಸೆಗೆ ಏರಿದಳು. ಬೈಯಲಿಲ್ಲ. 'ನಿಮ್ಮ ಕೈಯ ಜಡೆ ಮುಡಿಯಬೇಕೆಂದು ಚಿಕ್ಕಂದಿನಿಂದ ಆಸೆಯಿತ್ತು,' ಎಂದಷ್ಟೇ ಹೇಳಿದಳು. ತನ್ನ ಕೂದಲು ಹೋದಾಗ ಅಳದ ಜಡೆ ಹೊಲಿಯುವವಳು ಅಂದು ಅತ್ತಳು. ಮರುದಿನ ತಲೆಯ ಮೇಲಿನ ಸೆರಗು ತೆಗೆದು ಹೊರಬಾಗಿಲಲ್ಲೇ ಕೂತಳು. ನೋಡುವವರು ನೋಡಲಿ ಎಂದು ಗಟ್ಟಿಮನಸ್ಸು ಮಾಡಿದ್ದಳು. ಅಳತೆಗೆ ತನ್ನ ಜಡೆ ಇರಲಿಲ್ಲವಲ್ಲ, ಆಮೇಲೆ ಬಂದ ಇನ್ನೊಬ್ಬ ಮದುಮಗಳನ್ನೇ ಎದುರಿಗೆ ಕೂರಿಸಿಕೊಂಡು ಹೊಲಿದಳು. ಜಡೆ ಹಿಂದಿಗಿಂತ ಚೆನ್ನಾಗಿ ಕೂತಿತು."

ದಾಕ್ಷಾಯಿಣಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಅವಳಿಗೆ ಕೂದಲು ಮತ್ತೆ ಬಂತೇ?" ಎಂದಳು.

"ನೋಡು, ನೀನೂ ನರಿಯ ಹಿಂದೆಯೇ ಹೊರಟೆ," ಎಂದು ಗುರುಗಳು ಎದ್ದು ಕೋಣೆಯ ಬಾಗಿಲು ತೆರೆದರು.

"ನಿನ್ನ ಹೆಂಗಸರು ಹತ್ತನೆಯ ದಿನವೂ ಸ್ಲೇಟು ಹಿಡಿದು ಜಗಲಿಯಲ್ಲಿ ಕೂತಿದ್ದಾರೆ."