ಎಂಜಿನ್ ಪಕ್ಕದ ವಾಲ್ವ್

ಬೋಪಯ್ಯ ತನ್ನ ಹಳೆಯ ಶೋಕಿ ಕಾರಿಗೆ ತಿರುಗಿಸಿದರೆ ಪೆಟ್ರೋಲಿನ ಹರಿವು ನಿಲ್ಲಿಸುವ ಹಿತ್ತಾಳೆಯ ವಾಲ್ವ್ ಹಾಕಿಸಿದ. ಬಾನೆಟ್ ಎತ್ತಿದವರೆಲ್ಲ ನೋಡಲೆಂದು ಅದನ್ನು ಎಂಜಿನ್ ಪಕ್ಕದಲ್ಲೇ ಕೂರಿಸಿದ. ವಾಲ್ವ್ ಹಿಗ್ಗಿತು.

"ನಿನ್ನ ಜಾಗ ಡ್ರೈವರ್ ಸೀಟಿನ ಕೆಳಗೆ, ತಮ್ಮಾ," ಎಂದಿತು ವಾಲ್ವಿನಿಂದ ಎಂಜಿನ್ನಿಗೆ ಪೆಟ್ರೋಲು ಒಯ್ಯುವ ಮುದಿ ರಬ್ಬರ್ ಪೈಪು. "ನನ್ನ ಮೈಯೆಲ್ಲ ಬಿರುಕು. ನಾನು ಒಡೆದ ದಿನ ನೀನು ಅವನ ಕೈಗೆ ಎಟುಕಬೇಕು."

"ಆ ಕತ್ತಲಲ್ಲಿ ನನ್ನನ್ನು ಯಾರು ನೋಡುತ್ತಾರೆ, ಅಜ್ಜಾ? ನಿನಗೆ ಹೊಟ್ಟೆಕಿಚ್ಚು."

ಘಟ್ಟ ಹತ್ತುವಾಗ ಪೈಪು ಒಡೆಯಿತು. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ಚೆಲ್ಲಿ ಬೆಂಕಿ ಎದ್ದಿತು. ಬೋಪಯ್ಯ ಕಾರು ನಿಲ್ಲಿಸಿ, ಬಾನೆಟ್ ಎತ್ತಿ ವಾಲ್ವಿನತ್ತ ಕೈ ಚಾಚಿದ. ಉರಿ ಮುಖಕ್ಕೆ ಬಡಿದಾಗ ಹಿಂದೆ ಸರಿದ.

"ಇನ್ನೊಮ್ಮೆ ಕೈ ಹಾಕಪ್ಪಾ," ಎಂದು ವಾಲ್ವ್ ಬೇಡಿಕೊಂಡಿತು. ತಾನಾಗಿ ತಿರುಗಲು ಅದಕ್ಕೆ ಬರುತ್ತಿರಲಿಲ್ಲ. ಟ್ಯಾಂಕ್ ಬರಿದಾಗುವವರೆಗೂ ಬೆಂಕಿಗೆ ಬೇಕಾದ ಪೆಟ್ರೋಲು ಅದರ ಹೊಟ್ಟೆಯೊಳಗಿಂದಲೇ ಹರಿಯಿತು.